ಆಗಸ್ಟಿನ ಹತ್ತು ಪದಗಳು

ಆಗಸ್ಟ್ 21, ಗುರುವಾರ

ಪರದೆ ಏಳಲಿ! ದೀಪ ಹತ್ತಲಿ! ಎಲೈ ಹೊಸ ಪುಸ್ತಕವೇ, ಇದೋ ನಿನ್ನ ಮೊದಲ ಪುಟದ ಮೇಲೆ ಹೆಜ್ಜೆ ಇಟ್ಟಿದ್ದೇನೆ!

“ರಂಗಕ್ಕೆ ಬಂದವರು ಮೊದಲು ತಾವು ಯಾರೆಂದು ಹೇಳಬೇಕು, ಆಮೇಲೆ ಅಳಬೇಕು” ಎನ್ನುತ್ತಿದ್ದಳು ನನ್ನಜ್ಜಿ. ನಮ್ಮೂರಿನ ಜೆಕ್ ವಲಸಿಗರ ನಾಟಕಮಂದಿರದಲ್ಲಿ ಮೂವತ್ತು ವರ್ಷ ರಾಣಿ, ಮಾಟಗಾತಿ, ಮಲತಾಯಿ ಎಲ್ಲವೂ ಆದವಳು. ಆದ್ದರಿಂದ ಹೇಳಿಬಿಡುತ್ತೇನೆ. ನಾನು ಮಾರ್ಲಿಸ್ ಕುಬಿಚೆಕ್. ಹದಿನೆಂಟು ವರ್ಷ. ದನದ ಹರಾಜು ಕೂಗುವ ಲ್ಯಾಡ್ ಕುಬಿಚೆಕ್‌ನ ಮಗಳು. ನೆಬ್ರಾಸ್ಕಾದ ಮುಸುಕಿನ ಜೋಳದ ಸಮುದ್ರದಲ್ಲಿ ದ್ವೀಪದಂತೆ ನಿಂತಿರುವ ಲಿಂಡ್‌ಹೋಮ್ ಕಾಲೇಜಿನಲ್ಲಿ ಮೊದಲ ವರ್ಷ. ಕಲಿಯಲು ಬಂದದ್ದು ನಾಟಕ. ಕಲಿಯುವ ಖರ್ಚು ಹೊರುವುದು ಕುಸ್ತಿ! 145 ಪೌಂಡ್ ತೂಕದವರ ವಿಭಾಗ.

ಇಲ್ಲಿ ಓದುವವರು ಆರುನೂರು ಮಂದಿ, ಅದರಲ್ಲಿ ನಾನೂರು ಮಂದಿ ಯಾವುದಾದರೊಂದು ತಂಡದವರು. ಆಟಗಾರರನ್ನು ಕಳೆದರೆ ಕಾಲೇಜಿನಲ್ಲಿ ಉಳಿಯುವುದು ಚರ್ಚಿನ ಗಂಟೆ ಮತ್ತು ಅಳಿಲುಗಳು.

ಇವತ್ತು ತಲೆಯ ಪರೀಕ್ಷೆ ಇತ್ತು. ಅಭ್ಯಾಸ ಶುರುವಾಗುವ ಮುಂಚೆ ಪ್ರತಿಯೊಬ್ಬರೂ ಮಿಸ್ ವರ್ಲೀನ್ ಅವರ ಕೋಣೆಯಲ್ಲಿ ಕಂಪ್ಯೂಟರ್ ಎದುರು ಕೂರಬೇಕು. ಮಿಸ್ ವರ್ಲೀನ್ ಎಂದರೆ ನಮ್ಮೆಲ್ಲರ ಕೀಲು ಮೂಳೆಗಳ ಒಡತಿ. ಉಳುಕಿಗೆ ಪಟ್ಟಿ, ಊತಕ್ಕೆ ಐಸು, ಅಳುವಿಗೆ ಪೆಪ್ಪರಮೆಂಟು. ಕಂಪ್ಯೂಟರ್ ಹತ್ತು ಪದ ತೋರಿಸುತ್ತದೆ, ಆಕಾರ ತೋರಿಸುತ್ತದೆ, ಇಪ್ಪತ್ತು ನಿಮಿಷ ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುತ್ತದೆ. ಅದು ನೆಟ್ಟಗಿರುವ ತಲೆಯ ಅಳತೆ. ಮುಂದೆ ತಲೆಗೆ ಪೆಟ್ಟು ಬಿದ್ದರೆ ಬೇರೆ ಹತ್ತು ಪದ ಕೊಟ್ಟು ಮತ್ತೆ ಅಳೆಯುತ್ತಾರೆ. ಆಗಸ್ಟಿನ ಅಳತೆಗಿಂತ ಕೆಳಗಿಳಿದಿದ್ದರೆ ಮ್ಯಾಟಿನ ಮೇಲೆ ಕಾಲಿಡುವಂತಿಲ್ಲ.

ಅದಕ್ಕೇ ಇಲ್ಲೊಂದು ಗುಟ್ಟಿನ ಸಂಪ್ರದಾಯ. ನನ್ನ ಕೋಣೆಯ ಜೊತೆಗಾತಿ ಯೆಸೆನಿಯಾ ನಮ್ಮ ತಂಡದವಳೇ, ಎರಡನೇ ವರ್ಷದವಳು, ಟೆಕ್ಸಸ್‌ನಿಂದ ಬಂದವಳು. ಬೆಳಿಗ್ಗೆಯೇ ಕಿವಿಯಲ್ಲಿ ಪಿಸುಗುಟ್ಟಿದಳು.

“ಇವತ್ತು ದಡ್ಡಿ ಥರ ಆಡ್ಬೇಕು ಕಣೇ. ಇವತ್ತು ದಡ್ಡಿಯಾದ್ರೆ ಯಾವ ಪೆಟ್ಟು ಬಿದ್ರೂ ಅಳತೆ ಇಳಿಯಲ್ಲ. ಬೆಂಚ್ ಮೇಲೆ ಕೂರ್ಸಲ್ಲ.”

“ಸಿಕ್ಕಿಬಿದ್ರೆ?”

“ತೀರಾ ಸೊನ್ನೆ ತಗೊಂಡ್ರೆ ಕಂಪ್ಯೂಟರ್ ಹಿಡಿಯುತ್ತೆ. ಒಂದು ಹದ ಇದೆ. ನೀನು ನಾಟಕದವಳಲ್ವಾ ಮಹಾರಾಣಿ, ಆಡು.”

“ನೀನು ಆಡಿದೀಯಾ?”

“ಎಲ್ರೂ ಆಡ್ತಾರೆ. ರೂತಿ ಆಡ್ಲಿಲ್ಲ, ಅಷ್ಟೇ.”

ರೂತಿ ಓಸ್ಟರ್ ಹೋದ ವರ್ಷ ನನ್ನ ಈ ಮಂಚದಲ್ಲಿ ಮಲಗುತ್ತಿದ್ದವಳು. ಪ್ರಾಮಾಣಿಕವಾಗಿ ಪರೀಕ್ಷೆ ಬರೆದಳು, ಜನವರಿಯಲ್ಲಿ ಪೆಟ್ಟು ಬಿತ್ತು, ಅಳತೆ ಇಳಿಯಿತು, ಬೆಂಚು ಸೇರಿದಳು. ಏಪ್ರಿಲ್‌ನಲ್ಲಿ ಅವಳ ಸ್ಕಾಲರ್‌ಶಿಪ್ ಮುಂದುವರಿಯಲಿಲ್ಲ, ಮೇ ತಿಂಗಳಲ್ಲಿ ಸೂಟ್‌ಕೇಸು ಹಿಡಿದು ಹೊರಟುಹೋದಳು. ಮಂಚದ ಕಬ್ಬಿಣದ ಮೇಲೆ ಮೊಳೆಯಿಂದ ಗೀಚಿದ ಅವಳ ಹೆಸರು ಮಾತ್ರ ನನ್ನ ತಲೆಯ ಬಳಿಯೇ ಇದೆ.

ಆಡಿದೆ! ಓಹೋ, ಹೇಗೆ ಆಡಿದೆ! ಬಾಯಿ ಅರ್ಧ ತೆರೆದು, ಕಣ್ಣು ಮಂಕು ಮಾಡಿ, ಬೆರಳು ತಡವರಿಸಿ, ಹತ್ತರಲ್ಲಿ ನಾಲ್ಕೇ ಪದ ಒಪ್ಪಿಸಿದೆ. ಮಿಸ್ ವರ್ಲೀನ್ ನನ್ನ ಭುಜ ತಟ್ಟಿ, “ಬೆಳಿಗ್ಗೆ ತಿಂಡಿ ತಿಂದಿದೀಯಾ ಚಿನ್ನ?” ಎಂದರು. ಸಭಿಕರೇ, ಕೇಳಿರಿ, ಹತ್ತೂ ನನ್ನ ನಾಲಿಗೆಯ ತುದಿಯಲ್ಲಿವೆ: ಮೊಳೆ, ಕುದುರೆ, ಕೊಡೆ, ಬೆಣ್ಣೆ, ಸೇತುವೆ, ನಾಣ್ಯ, ಹಡಗು, ಹಿಮ, ಗಂಟೆ, ಕತ್ತರಿ! ಚಪ್ಪಾಳೆ ಎಲ್ಲಿ?

ಸೆಪ್ಟೆಂಬರ್ 9, ಮಂಗಳವಾರ

ಇಂದಿನ ಅಂಕದ ಹೆಸರು: ಕೋಚ್ ಡೋರ್ನಿಕ್ ಅವರ ಕೋಣೆಯಲ್ಲಿ ಸತ್ಯದರ್ಶನ.

ಹೊಸಬರನ್ನೆಲ್ಲ ಒಟ್ಟಿಗೆ ಕೂರಿಸಿ ವಿವರಿಸಿದರು. ಕಾಲೇಜು ಅವರ ಕೈಗೆ ಕೊಡುವುದು ಎಂಟು ಜನರ ಪೂರ್ತಿ ಖರ್ಚಿನಷ್ಟು ಸ್ಕಾಲರ್‌ಶಿಪ್. ತಂಡದಲ್ಲಿರುವವರು ಮೂವತ್ತೆರಡು.

“ಒಂದು ಕುಂಬಳಕಾಯಿ ಪೈ, ಮೂವತ್ತೆರಡು ತಟ್ಟೆ. ನಾನು ಚೂರಿ ಹಿಡಿದೋನು. ಯಾರ ತಟ್ಟೆಗೂ ಪೂರ್ತಿ ಬೀಳಲ್ಲ. ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಕುಯ್ತೀನಿ. ಈ ವರ್ಷದ ಕಾಗದ ಈ ವರ್ಷಕ್ಕೆ ಮಾತ್ರ.”

ಹಿಂದಿನ ಸಾಲಿನಿಂದ ಒಬ್ಬಳು, “ಪೈ ಮೇಲೆ ಕೆನೆ ಇರುತ್ತಾ ಕೋಚ್?” ಎಂದಳು. ಎಲ್ಲರೂ ನಕ್ಕೆವು. ಅವರೂ ನಕ್ಕರು. ಆದರೆ ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದವಳು ನಾನು.

ಯಾಕೆಂದರೆ, ಎಲೈ ಪುಸ್ತಕವೇ, ನನ್ನ ಊರಿನಲ್ಲಿ ಅಪ್ಪನನ್ನು ಬಿಟ್ಟು ಯಾರಿಗೂ ಈ ಸತ್ಯ ತಿಳಿಯದು. ಈ ತಂಡ ಸೇರಲು ನಾನು ಸಹಿ ಹಾಕಿದ ದಿನ ಶಾಲೆಯ ಅಂಗಳದಲ್ಲಿ ಮೇಜು, ಮೇಜಿನ ಮೇಲೆ ಕಾಲೇಜಿನ ಟೋಪಿ, ನನ್ನ ಹೆಸರು ಬರೆದ ಕೇಕು, ಪತ್ರಿಕೆಗೆ ಫೋಟೋ! ಮರುದಿನ ಅಪ್ಪ ಹರಾಜುಕಟ್ಟೆಯಲ್ಲಿ ಮೈಕ್ ಹಿಡಿದು, ಇನ್ನೂರು ಜನ ರೈತರ ಮುಂದೆ, “ನನ್ನ ಮಗಳಿಗೆ ಪೂರ್ತಿ ಸ್ಕಾಲರ್‌ಶಿಪ್!” ಎಂದು ಕೂಗಿಬಿಟ್ಟ. ಜನ ಟೋಪಿ ಎತ್ತಿದರು. ನನಗೆ ಸಿಕ್ಕಿದ್ದು ನೂರಕ್ಕೆ ನಲವತ್ತು. ಉಳಿದದ್ದು ಓದಿನ ಅಂಕಕ್ಕೆ ಸಿಕ್ಕ ಪುಡಿಗಾಸು ಮತ್ತು ಸಾಲ. ಅಪ್ಪನಿಗೆ ಅದು ಗೊತ್ತಿತ್ತು. ಖುಷಿಯಲ್ಲಿ ಬಾಯಿ ಜಾರಿತು. ಬಾಯಿಂದ ಬದುಕುವವನಿಗೆ ಒಮ್ಮೆ ಕೂಗಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.

ಆ ನಲವತ್ತೂ ಹೋದರೆ ನಾನು ಮನೆಗೆ ಹೋಗಬೇಕು. ಟೋಪಿ ಎತ್ತಿದವರೆಲ್ಲ ಅದನ್ನು ಮತ್ತೆ ತಲೆಗಿಟ್ಟುಕೊಂಡು ನೋಡುತ್ತಾರೆ.

ಇನ್ನೊಂದು ಸುದ್ದಿ. ನನ್ನದೇ ತೂಕಕ್ಕೆ ಕೋಚ್ ಇನ್ನೊಬ್ಬಳನ್ನೂ ಕರೆತಂದಿದ್ದಾರೆ. ಟೆಸ್ಸಾ ರೂಸ್, ಅಯೋವಾದವಳು. ಕತ್ತು ಕಂಬದ ಹಾಗಿದೆ. ಸ್ಥಾನ ಒಂದೇ. ಯಾರು ಆಡಬೇಕೆನ್ನುವುದು ಅಕ್ಟೋಬರಿನಲ್ಲಿ ನಮ್ಮ ಗರಡಿಯೊಳಗೇ, ನಾವಿಬ್ಬರೇ ಹಿಡಿದಾಡಿ ತೀರ್ಮಾನ.

ಅಕ್ಟೋಬರ್ 14, ಮಂಗಳವಾರ

ಜಯ! ಜಯ! ಭೇರಿ ಬಾರಿಸಿರಿ!

ರೂಸ್ ಮಣ್ಣುಮುಕ್ಕಿದಳು! ಮೊದಲ ಸುತ್ತಿನಲ್ಲಿ ನಾನು ಅವಳ ಕಾಲು ಹಿಡಿದು ಎರಡು ಸಲ ಕೆಡವಿದೆ. ಎರಡನೇ ಸುತ್ತಿನಲ್ಲಿ ಅವಳು ನನ್ನ ಸೊಂಟಕ್ಕೆ ಕೈ ಹಾಕಿ ಎತ್ತಿದಳು. ಎರಡು ಮ್ಯಾಟು ಕೂಡುವ ಕಡೆ ಅಂಟುಪಟ್ಟಿ ಕಿತ್ತು ಒಂದು ಸಂದು ಬಾಯ್ದೆರೆದಿತ್ತು. ತಲೆಯ ಹಿಂಭಾಗ ಅಲ್ಲಿ ಬಿತ್ತು, ಬರೀ ನೆಲಕ್ಕೆ. ಒಂದು ಬಿಳಿ ಸದ್ದು. ಸದ್ದಿಗೆ ಬಣ್ಣ ಇರುತ್ತದೆಯೇ? ಇದಕ್ಕೆ ಇತ್ತು.

ಅದರ ನಂತರದ್ದು ಚಪ್ಪಾಳೆ. ನಡುವೆ ಏನಾಯಿತೆಂದು ಯೆಸೆನಿಯಾ ಹೇಳಿದಳು. ಎದ್ದೆನಂತೆ, ರೂಸ್‌ಳ ಕತ್ತಿಗೆ ಕೈ ಹಾಕಿದೆನಂತೆ, ಚಿತ್ ಮಾಡಿದೆನಂತೆ. “ದೆವ್ವ ಹೊಕ್ಕಂಗೆ ಆಡಿದೆ ಕಣೇ” ಎಂದಳು. ಮೈಯೇ ತಾನಾಗಿ ಆಡಿದೆ. ಅಭ್ಯಾಸ ಅಂದರೆ ಅದು!

ಮಿಸ್ ವರ್ಲೀನ್ ಬಿಡಲಿಲ್ಲ. ಕಣ್ಣಿಗೆ ಬೆಳಕು ಹಿಡಿದರು, ಕಂಪ್ಯೂಟರ್ ಮುಂದೆ ಕೂರಿಸಿದರು. ಹದ ಎಲ್ಲಿ ತಪ್ಪುತ್ತದೋ ಎಂಬ ಭಯವಿತ್ತು. ಆದರೆ ನಟಿಸುವ ಕಷ್ಟವೇ ಬೀಳಲಿಲ್ಲ! ಸುಮ್ಮನೆ ತೋಚಿದ್ದು ಹೇಳುತ್ತಾ ಹೋದೆ, ಸರಿಯಾಗಿ ನಾಲ್ಕು ಬಂತು. ಆಗಸ್ಟಿನಲ್ಲೂ ನಾಲ್ಕು. ಪಾತ್ರ ಅಷ್ಟು ಚೆನ್ನಾಗಿ ಒಗ್ಗಿಬಿಟ್ಟಿದೆ.

“ಆಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ,” ಎಂದರು ಮಿಸ್ ವರ್ಲೀನ್, ಸಂತೋಷವಿಲ್ಲದ ದನಿಯಲ್ಲಿ. “ತಲೆನೋವು ಇದೆಯಾ ಚಿನ್ನ?”

“ಇಲ್ಲ ಮೇಡಂ.”

“ಹೊಟ್ಟೆ ತೊಳೆಸುತ್ತಾ?”

“ಹಸಿವು ಮೇಡಂ!”

ಮುಂದಿನ ಬುಧವಾರದವರೆಗೆ ಮ್ಯಾಟು ಬೇಡ, ಆಮೇಲೆ ನೋಡೋಣ ಎಂದರು. ನನ್ನ ಸ್ಥಾನ ಮಾತ್ರ ಭದ್ರ. ತಲೆಯೂ ಭದ್ರ, ಇಲ್ಲಿದೆ ಸಾಕ್ಷಿ, ಆಗಸ್ಟಿನ ಹತ್ತೂ ಪದ ಬಾಯಿಪಾಠ: ಮೊಳೆ, ಕುದುರೆ, ಬೆಣ್ಣೆ, ಹಡಗು, ಕುದುರೆ, ಸೇತುವೆ, ಹಿಮ, ಗಂಟೆ. ಹತ್ತು!

ಅಕ್ಟೋಬರ್ 17, ಶುಕ್ರವಾರ

ಊಟದ ಮನೆಯ ದೀಪಗಳನ್ನು ಬದಲಾಯಿಸಿದ್ದಾರೆ. ಕಣ್ಣಿಗೆ ಚುಚ್ಚುತ್ತವೆ. ಯೆಸೆನಿಯಾ, “ಅದೇ ಹಳೇ ದೀಪ ಕಣೇ” ಎಂದಳು. ಅವಳಿಗೆ ಗೊತ್ತಾಗಿಲ್ಲ.

ಇವತ್ತು ಚಿಲಿ ಎಂಬ ಮಾಂಸದ ಖಾರದ ಸಾರು, ಜೊತೆಗೆ ದಾಲ್ಚಿನ್ನಿ ರೋಲು. ಶಾಲೆಯಿಂದಲೂ ನನ್ನ ಪ್ರಾಣ. ರೋಲನ್ನು ಸಾರಿಗೆ ಅದ್ದಿ ತಿನ್ನುವುದೇ ಸುಖ. ಅರ್ಧ ಬಿಟ್ಟೆ.

ಅಕ್ಟೋಬರ್ 19, ಭಾನುವಾರ

ಅಪ್ಪ ಫೋನ್ ಮಾಡಿದ್ದ. ಸ್ಥಾನ ಸಿಕ್ಕಿತೆಂದು ಹೇಳಿದ್ದಕ್ಕೆ ಅಡುಗೆಮನೆ ನಡುಗುವ ಹಾಗೆ ಕೂಗಿದ. ಆಮೇಲೆ ನಮ್ಮ ಹಳೆಯ ಆಟ. ನಾನು ನಾಲ್ಕು ವರ್ಷದವಳಿದ್ದಾಗಿನಿಂದಲೂ ಅದೇ ಆಟ. ಅಪ್ಪ ಪೂರ್ತಿ ವೇಗದಲ್ಲಿ ಹರಾಜು ಕೂಗುತ್ತಾನೆ, ತಟ್ಟನೆ ನಿಲ್ಲಿಸುತ್ತಾನೆ, ಬೆಲೆ ಎಲ್ಲಿ ನಿಂತಿದೆಯೆಂದು ನಾನು ಹೇಳಬೇಕು. ಇಪ್ಪತ್ತು ಎಂದು ಒಮ್ಮೆ ಹೇಳಿದರೆ ಆಮೇಲಿನ ಎರಡೂವರೆ ಅಂದರೆ ಇಪ್ಪತ್ತೆರಡೂವರೆ; ‘ಯಾರು’ ಎಂದದ್ದು ಇನ್ನೂ ಬಾರದ ಬೆಲೆ, ‘ಬಂತು’, ‘ಕೊಟ್ರು’ ಎಂದದ್ದು ನಿಂತ ಬೆಲೆ. ಒಮ್ಮೆಯೂ ತಪ್ಪಿಲ್ಲ.

“ಇಪ್ಪತ್ತಕ್ಕೆ ಬಂತು ಇಪ್ಪತ್ತಕ್ಕೆ, ಎರಡೂವರೆ ಯಾರು ಎರಡೂವರೆ, ಕೊಟ್ರು ಎರಡೂವರೆ, ಐದು ಯಾರು ಐದು ಐದು... ಎಲ್ಲಿ ನಿಂತಿದೆ ಮರಿ?”

ನನಗೆ ಕೇಳಿದ್ದು ಬರೀ ಸದ್ದು. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ.

“ಇಲ್ಲಿ ಗಲಾಟೆ ಅಪ್ಪಾ, ಕೇಳಿಸ್ಲಿಲ್ಲ” ಎಂದೆ.

ಕೋಣೆಯಲ್ಲಿ ಯಾರೂ ಇರಲಿಲ್ಲ.

ಅಕ್ಟೋಬರ್ 27, ಸೋಮವಾರ

ಯೆಸೆನಿಯಾ ನನ್ನ ನೀಲಿ ಶೂ ಬಚ್ಚಿಟ್ಟಿದ್ದಾಳೆ. ಅವಳು ಮತ್ತು ರೂಸ್ ಒಂದಾಗಿದ್ದಾರೆ. ನಾನು ಅಭ್ಯಾಸಕ್ಕೆ ತಡವಾಗಲಿ ಎಂದು. ಕೂಗಾಡಿದೆ. ಅವಳು ನನ್ನನ್ನೇ ನೋಡುತ್ತಾ ನಿಂತಳು.

“ಕಾಲು ನೋಡ್ಕೋ” ಎಂದಳು.

ಹಾಕಿಕೊಂಡಿದ್ದೆ.

ಆಮೇಲೆ ನಗಲಿಲ್ಲ ಅವಳು. ನಗಬೇಕಿತ್ತು.

ಅಪ್ಪ ಫೋನ್ ಮಾಡಿದ್ದ. ಸ್ಥಾನ ಸಿಕ್ಕಿತೆಂದು ಹೇಳಿದೆ. ಅಡುಗೆಮನೆ ನಡುಗುವ ಹಾಗೆ ಕೂಗಿದ.

ಅಕ್ಟೋಬರ್ 29

ಅಭ್ಯಾಸ ಆಯಿತು. ಚೆನ್ನಾಗಿ ಆಯಿತು. ಬರೆಯಲು ಏನಿಲ್ಲ. ಹೆದರಿಕೆಯೂ ಇಲ್ಲ. ಸಾಲುಗಳು ಯಾಕೋ ಓರೆ ಹೋಗುತ್ತಿವೆ.

ನವೆಂಬರ್ 1, ಶನಿವಾರ

ಮೊದಲ ಪಂದ್ಯ. ನಮ್ಮ ಕಾಲೇಜಿನಲ್ಲೇ. ಜನ ತುಂಬಿದ್ದರು. ಊರಿನ ಲೂಥರನ್ ಚರ್ಚಿನ ಅಜ್ಜಿಯರು ಎಂದಿನಂತೆ ಮುಂದಿನ ಸಾಲು.

ನನ್ನ ಹೆಸರು ಕೂಗಿದರು. ದೀಪ. ಡೋಲು. ನಡೆದುಹೋಗಿ ಕುರ್ಚಿಯಲ್ಲಿ ಕೂತೆ. ಎಲ್ಲರೂ ನಗತೊಡಗಿದರು. ಪಕ್ಕದಲ್ಲಿ ಗುರುತಿಲ್ಲದ ಹೆಂಗಸು, “ಏನಮ್ಮಾ, ನಮ್ಮ ಕಾಲೇಜಿಗೆ ಸೇರ್ಕೊಳ್ತೀಯಾ?” ಎಂದಳು. ಎದುರಾಳಿಗಳ ಮೂಲೆ ಅದು. ಅವಳು ಅವರ ಕೋಚ್.

ಆ ಕ್ಷಣದಲ್ಲಿ ಎಲ್ಲಿಂದಲೋ ಅಜ್ಜಿ ಬಂದಳು ಮೈಮೇಲೆ. ಎದ್ದು ನಿಂತು, ಒಂದು ಕೈ ಎದೆಗೆ, ಒಂದು ಕೈ ಆಕಾಶಕ್ಕೆ, ಸೊಂಟ ಬಗ್ಗಿಸಿ ಸಭೆಗೆ ವಂದನೆ. ಜನ ಬಿದ್ದು ಬಿದ್ದು ನಕ್ಕರು. ಬೇಕೆಂದೇ ಮಾಡಿದ ಹಾಸ್ಯ ಎಂದುಕೊಂಡರು.

ಸೋತೆ. ಹೇಗೆ ಎಂದು ಕೇಳಬೇಡ.

ಮಿಸ್ ವರ್ಲೀನ್ ಬಾಗಿಲಲ್ಲಿ ತಡೆದು ಮೆಲ್ಲಗೆ ಕೇಳಿದರು. “ಆ ಕುರ್ಚಿ ವಿಷಯ. ನಾಟಕ ತಾನೇ ಚಿನ್ನ?”

“ಹೌದು ಮೇಡಂ.”

“ನನ್ನ ಕಣ್ಣು ನೋಡಿ ಹೇಳು.”

ಕಣ್ಣು ನೋಡಿ ಹೇಳಿದೆ. ನಾನು ಅಷ್ಟು ಒಳ್ಳೆಯ ನಟಿ.

ನವೆಂಬರ್ 6, ಗುರುವಾರ

ನಿಧಾನವಾಗಿ ಬರೆಯುತ್ತೇನೆ. ಒಂದೊಂದೇ.

ಮಧ್ಯಾಹ್ನ ಯೆಸೆನಿಯಾ ಬಾಗಿಲು ಹಾಕಿ ಎದುರು ಕೂತಳು.

“ನಿನ್ನೆ ನನ್ನನ್ನ ಏನಂತ ಕರೆದೆ ಗೊತ್ತಾ?”

“ಯೆಸೆನಿಯಾ ಅಂತ.”

“ರೂತಿ ಅಂತ. ಮೂರು ಸಲ. ಯಾರು ರೂತಿ? ನೀನವಳನ್ನ ನೋಡೇ ಇಲ್ಲ.”

“ತಮಾಷೆಗೆ ಅಂದಿರ್ತೀನಿ.”

“ತಮಾಷೆ ಅಲ್ಲ. ನಾನು ನೋಡಿದೀನಿ ಇದನ್ನ. ಇದೇ ಮಂಚದ ಮೇಲೆ ನೋಡಿದೀನಿ. ಅವಳಿಗೂ ಹಿಂಗೇ ಶುರು ಆಗಿದ್ದು.” ಮಂಚದ ಕಬ್ಬಿಣದ ಮೇಲಿನ ಹೆಸರು ತೋರಿಸಿದಳು. “ನಿನಗೆ ಆ ದಡ್ಡಿ ನಾಟಕ ಹೇಳಿಕೊಟ್ಟೋಳು ನಾನೇ ಕಣೇ. ನೀನು ಸತ್ತುಗಿತ್ತು ಹೋದ್ರೆ ನಿಮ್ಮಪ್ಪನಿಗೆ ಏನಂತ ಹೇಳ್ಲಿ? ವರ್ಲೀನ್ ಹತ್ರ ಹೋಗು.”

“ಹೋದ್ರೆ ನಲವತ್ತೂ ಹೋಗುತ್ತೆ. ಸ್ಥಾನ ರೂಸ್‌ಗೆ ಹೋಗುತ್ತೆ. ನೀನು ಅವಳ ಕಡೆ.”

“ನಾನು ನಿನ್ನ ಕಡೆ. ಆ ಪುಸ್ತಕ ತೆಗೆದು ನೋಡು. ದಿನಾ ಬರೀತೀಯಲ್ಲ, ನೀನೇ ಓದು.” ಎದ್ದು ಹೋದಳು.

ಓದಿದೆ.

ಪುಸ್ತಕದ ಪ್ರಕಾರ ಅಪ್ಪ ಎರಡು ಸಲ ಫೋನ್ ಮಾಡಿದ್ದಾನೆ, ಎರಡು ಸಲವೂ ಅದೇ ಮಾತು. ಫೋನ್ ತೆಗೆದು ನೋಡಿದೆ. 27ರಂದು ಅಪ್ಪನ ಕರೆ ಇಲ್ಲ.

ಆಗಸ್ಟಿನ ಪುಟದಲ್ಲಿ ಹತ್ತು ಪದ. ಅಕ್ಟೋಬರಿನ ಪುಟದಲ್ಲಿ ಬೆರಳಿಟ್ಟು ಎಣಿಸಿದೆ. ಎಂಟು. ಕುದುರೆ ಎರಡು ಸಲ. ಅಂದರೆ ಏಳು. ಕೊಡೆ ಇಲ್ಲ. ನಾಣ್ಯ ಇಲ್ಲ. ಕತ್ತರಿ ಇಲ್ಲ. ಕೆಳಗೆ ನನ್ನದೇ ಅಕ್ಷರದಲ್ಲಿ, ನನ್ನದೇ ಹೆಮ್ಮೆಯಲ್ಲಿ, “ಹತ್ತು!”

ಆ ಪುಟದ ಹುಡುಗಿಯನ್ನು ನೋಡಿ ಹೆದರಿದೆ. ಸೋತಿದ್ದಕ್ಕಲ್ಲ. ಗೆದ್ದೆ ಎಂದುಕೊಂಡಿದ್ದಕ್ಕೆ.

ಅಜ್ಜಿ ಹೇಳುತ್ತಿದ್ದ ಒಂದು ಕಥೆ. ಹಳೆಯ ಕಾಲದ ನಟಿಯೊಬ್ಬಳು ಕುರುಡಿಯ ಪಾತ್ರ ಮಾಡಿ ಮಾಡಿ, ಒಂದು ದಿನ ಬಣ್ಣ ತೊಳೆದ ಮೇಲೂ ಅವಳಿಗೆ ಕನ್ನಡಿ ಕಾಣಲಿಲ್ಲವಂತೆ. ನಾವು ಮಕ್ಕಳು ಕಿರುಚಿ ಅಜ್ಜಿಯ ಲಂಗದ ಹಿಂದೆ ಅಡಗುತ್ತಿದ್ದೆವು. ಆಗಸ್ಟಿನಲ್ಲಿ ನಾನು ಮಂಕು ಹುಡುಗಿಯ ವೇಷ ಹಾಕಿದೆ. ಅವಳು ನನ್ನೊಳಗೆ ಬಂದು ಕೂತಿದ್ದಾಳೆ. ಬಾಗಿಲು ತೆರೆದವಳು ನಾನೇ.

ಹೋಗದಿದ್ದರೆ ಶನಿವಾರ ಮತ್ತೊಂದು ಪಂದ್ಯ. ಮತ್ತೊಂದು ನೆಲ.

ಹೋದರೆ ಏಪ್ರಿಲ್.

ನವೆಂಬರ್ 7, ಶುಕ್ರವಾರ

ಪುಸ್ತಕವನ್ನು ಎದೆಗೆ ಅವಚಿಕೊಂಡು ಹೋದೆ. ಮಿಸ್ ವರ್ಲೀನ್ ಯಾರದೋ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದರು. ಅವಳನ್ನು ಕಳಿಸಿ, ಬಾಗಿಲು ಮುಂದೆ ಮಾಡಿದರು.

“ಮತ್ತೆ ಪರೀಕ್ಷೆ ಮಾಡಿ ಮೇಡಂ.”

ಏಕೆಂದು ಕೇಳಲಿಲ್ಲ. ಹೊಸ ಹತ್ತು ಪದ ಬಂದವು. ನಾನು ಪ್ರತಿಯೊಂದನ್ನೂ ಕಣ್ಣಿನಿಂದ ಕಚ್ಚಿ ಹಿಡಿದೆ. ಪದಗಳೇ, ಮರ್ಯಾದೆಯಾಗಿ ಇಲ್ಲೇ ಇರಿ ಎಂದು ಬೇಡಿಕೊಂಡೆ. ಇಪ್ಪತ್ತು ನಿಮಿಷ ಆಯಿತು. ಒಲೆ. ಚಂದ್ರ. ಹಗ್ಗ. ಆಮೇಲೆ... ಒಲೆ ಹೇಳಿದೆನಲ್ಲ. ಆಮೇಲೆ ಗೋಡೆ. ಗೋಡೆ ಅಷ್ಟೇ, ಪದವಲ್ಲ, ಎದುರಿಗಿದ್ದ ಗೋಡೆ.

“ಮೂರು,” ಎಂದರು. “ಆಗಸ್ಟಿನಲ್ಲಿ ನಾಲ್ಕು. ಹೆಚ್ಚುಕಮ್ಮಿ ಅಷ್ಟೇ ಅನ್ನುತ್ತೆ ಈ ಕಂಪ್ಯೂಟರ್. ನಿನ್ನನ್ನ ನಾಳೆ ಆಡಿಸಬಹುದು ಅನ್ನುತ್ತೆ.”

“ಆಗಸ್ಟಿನದು ಸುಳ್ಳು ಮೇಡಂ.”

“ಇವತ್ತಿನದು?”

“ನಾಟಕ ಅಲ್ಲ.” ಅತ್ತುಬಿಟ್ಟೆ. “ಇವತ್ತಿನದು ನಾಟಕ ಅಲ್ಲ ಮೇಡಂ. ನಾನು ತುಂಬಾ ಪ್ರಯತ್ನಪಟ್ಟೆ.”

ನಂಬುತ್ತಾರೆಯೇ? ಒಂದು ವಾರದ ಕೆಳಗಷ್ಟೇ ಕಣ್ಣು ನೋಡಿ ಸುಳ್ಳು ಹೇಳಿದವಳನ್ನು? ಪುಸ್ತಕ ತೆರೆದು ಆಗಸ್ಟಿನ ಪುಟ ಕೊಟ್ಟೆ. ಓದಿದರು. ಅವರ ಬೆರಳು ಹತ್ತು ಪದಗಳ ಮೇಲೆ ಒಂದೊಂದಾಗಿ ಹೋಯಿತು. ಆಮೇಲೆ ಅಕ್ಟೋಬರಿನ ಪುಟ. ಬೆರಳು ಎರಡನೇ ಕುದುರೆಯ ಮೇಲೆ ನಿಂತಿತು.

ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಆಮೇಲೆ, “ನನ್ನ ಹತ್ತಿರ ಇದ್ದದ್ದು ಬರೀ ನಿನ್ನ ಸುಳ್ಳು ಚಿನ್ನ. ಅದನ್ನೇ ಹಿಡಿದು ನಿನ್ನನ್ನ ಮ್ಯಾಟಿಗೆ ಕಳಿಸಿದೆ. ನನ್ನ ಕೈಯಿಂದಲೇ ಸಹಿ ಮಾಡಿ ಕಳಿಸಿದೆ” ಎಂದರು. ಪೆಪ್ಪರಮೆಂಟಿನ ಡಬ್ಬಿಗೆ ಕೈ ಹಾಕಿದರು. ಒಂದು ನನಗೆ. ಒಂದು ಅವರೇ ಬಾಯಿಗೆ ಹಾಕಿಕೊಂಡರು.

ಲಿಂಕನ್ ನಗರದಲ್ಲಿರುವ ನರದ ಡಾಕ್ಟರ ಹತ್ತಿರ ಅವರೇ ಕಾರಿನಲ್ಲಿ ಕರೆದೊಯ್ದರು. ದಾರಿಯುದ್ದಕ್ಕೂ ನನ್ನ ಕಣ್ಣಿಗೆ ಅವರ ಕಪ್ಪು ಕನ್ನಡಕ.

ನವೆಂಬರ್ 12, ಬುಧವಾರ

ದಿನಕ್ಕೆ ಹತ್ತು ನಿಮಿಷ ಬರೆಯಬಹುದು ಎಂದಿದ್ದಾರೆ ಡಾಕ್ಟರ್.

ಈ ವರ್ಷ ಕುಸ್ತಿ ಮುಗಿಯಿತು.

ಮಿಸ್ ವರ್ಲೀನ್ ತಂಡದ ಎಲ್ಲರಿಗೂ ಮರುಪರೀಕ್ಷೆ ಹೇಳಿದ್ದಾರೆ. ಸುಳ್ಳು ಹೇಳಿದವರಿಗೆ ಎರಡು ವಾರ ಮ್ಯಾಟಿಲ್ಲ. ಅಂಕ ಆಗಸ್ಟಿಗಿಂತ ತೀರಾ ಮೇಲೇರಿದ ಹನ್ನೊಂದು ಜನ ಸಿಕ್ಕಿದರು, ಯೆಸೆನಿಯಾ ಸೇರಿ. ಊಟದ ಮನೆಯಲ್ಲಿ ನಾನು ಕೂತ ಮೇಜಿನಿಂದ ಜನ ತಟ್ಟೆ ಎತ್ತಿಕೊಂಡು ಹೋಗುತ್ತಾರೆ. “ನಿನ್ನ ತಲೆ ಒಡೆದದ್ದಕ್ಕೆ ನಮ್ಮದೂ ಒಡೀಬೇಕಿತ್ತಾ?” ಎಂದಳೊಬ್ಬಳು. ಯೆಸೆನಿಯಾ ಮಾತ್ರ ತಟ್ಟೆ ತಂದು ಎದುರಿಗೆ ಧಡ್ ಎಂದು ಇಟ್ಟಳು. ತನ್ನ ದಾಲ್ಚಿನ್ನಿ ರೋಲಿನ ಅರ್ಧ ನನ್ನ ಸಾರಿಗೆ ಹಾಕಿದಳು.

ಕೋಚ್ ಡೋರ್ನಿಕ್ ಕರೆಸಿದ್ದರು. “ಕುಬಿಚೆಕ್, ಈ ವರ್ಷದ ಪಾಲು ನಿಂದೇ. ಸಹಿ ಹಾಕಿದೀನಿ. ಅದನ್ನ ಕಿತ್ಕೊಳಲ್ಲ.”

“ಏಪ್ರಿಲ್‌ನಲ್ಲಿ ಕೋಚ್?”

ಅವರು ಕಿಟಕಿಯತ್ತ ನೋಡಿದರು. “ನೀನು ಸತ್ಯ ಹೇಳಿದೆ. ಅದಕ್ಕೆ ಕೊಡೋಕೆ ನನ್ನ ಪೈಯಲ್ಲಿ ತುಂಡಿಲ್ಲ.”

ಅಪ್ಪನಿಗೆ ಹೇಳಿದೆ. ಎಲ್ಲವನ್ನೂ. ಅಪ್ಪ ಅಡುಗೆಮನೆಯ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

ಕೊನೆಗೆ ಮೆಲ್ಲಗೆ ಶುರು ಮಾಡಿದ. ಒಂದೊಂದೇ. ಮಗುವಿಗೆ ತುತ್ತು ಇಡುವ ಹಾಗೆ.

“ಹತ್ತು... ಬಂತು... ಹತ್ತು. ಹನ್ನೊಂದು... ಯಾರು... ಹನ್ನೊಂದು... ಎಲ್ಲಿ ನಿಂತಿದೆ ಮರಿ?”

“ಹತ್ತು?”

“ಹತ್ತು,” ಎಂದ. “ಹತ್ತೇ. ಸರಿಯಾಗಿ ಹೇಳಿದೆ.”

ಜನವರಿ 20

ಹಿಮ. ಕಿಟಕಿಗೆ ಪರದೆ ಬೇಡವಾಗಿ ಮೂರು ದಿನ ಆಯಿತು. ಇವತ್ತು ಒಂದು ನಾಟಕದ ಅರ್ಧ ಪುಟ ಜೋರಾಗಿ ಓದಿದೆ. ಕೆಳಗಿನ ಕೋಣೆಯವರು ಛಾವಣಿಗೆ ಪೊರಕೆ ಬಡಿದರು. ಆಹಾ, ನನ್ನ ಮೊದಲ ಚಪ್ಪಾಳೆ!

ಆದರೂ ಪ್ರತಿ ಬೆಳಿಗ್ಗೆ ಕಣ್ಣು ಬಿಡುವ ಮುಂಚೆ ಹೆದರುತ್ತೇನೆ. ಮೊದಲು ಯೆಸೆನಿಯಾಳ ಹೆಸರು ಹೇಳಿಕೊಳ್ಳುತ್ತೇನೆ. ಆಮೇಲೆ ನನ್ನದು.

ಏಪ್ರಿಲ್ 15, ಬುಧವಾರ

ಪರದೆ ಏಳಲಿ. ದೀಪ ಸ್ವಲ್ಪ ಮಂದವಾಗಿಯೇ ಇರಲಿ.

ಇಂದು ಲಕೋಟೆಗಳ ದಿನ. ಅಂಚೆ ಪೆಟ್ಟಿಗೆಗಳ ಮುಂದೆ ಮೂವತ್ತೆರಡು ಹುಡುಗಿಯರು, ಮೂವತ್ತೆರಡು ಬಿಳಿ ಲಕೋಟೆ. ರೂಸ್ ತನ್ನದನ್ನು ಒಡೆದು ಗೋಡೆಗೆ ಒರಗಿ ಅತ್ತಳು, ಪಾಲು ಹೆಚ್ಚಿತ್ತು. ಯೆಸೆನಿಯಾಳದ್ದು ಇದ್ದಷ್ಟೇ ಇದೆ. ಅವಳು ನನ್ನ ಕೈ ಹಿಡಿದಳು.

“ನಾನು ಒಡೀಲಾ ಮಹಾರಾಣಿ?”

“ಬೇಡ. ನನ್ನ ಮರಣದಂಡನೆ ನಾನೇ ಓದ್ತೀನಿ.”

ಎರಡೇ ಸಾಲು. ವಿಷಾದದಿಂದ ತಿಳಿಸುತ್ತೇವೆ. ಮುಂದಿನ ವರ್ಷಕ್ಕೆ ಸೊನ್ನೆ.

ಇಷ್ಟು ತಿಂಗಳು ಹೆದರಿದ್ದು ಈ ಎರಡು ಸಾಲಿಗೆ. ಹೊರಗೆ ಹೋಗಿ ಹುಲ್ಲಿನ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ. ಹಿಂದೆ ದನಗಳ ಕೂಗು, ಗೇಟುಗಳ ಸದ್ದು. ಬುಧವಾರ ಅಲ್ಲಿ ಹರಾಜಿನ ದಿನ.

“ಹೋಯ್ತು ಅಪ್ಪಾ. ಪೂರ್ತಿ ಹೋಯ್ತು. ಮನೆಗೆ ಬರ್ತೀನಿ.”

“ಪೂರ್ತಿ ಯಾವತ್ತಿತ್ತು ಮರಿ? ಪೂರ್ತಿ ಅಂದೋನು ನಾನು, ನೀನಲ್ಲ. ಬಾ. ನಮ್ಮೂರ ಹತ್ತಿರವೇ ಎರಡು ವರ್ಷದ ಕಾಲೇಜಿದೆ, ಅಲ್ಲೂ ನಾಟಕ ಹೇಳ್ಕೊಡ್ತಾರೆ. ಫೋನ್ ಇಡ್ಬೇಡ. ಕಟ್ಟೆ ಹತ್ತಿದೀನಿ. ಒಂದು ಕೆಲಸ ಬಾಕಿ ಇದೆ.”

ಟಪ್ ಎಂದು ಮೈಕ್ ಹತ್ತಿದ ಸದ್ದು. ಆಮೇಲೆ ಆ ದನಿ, ಗುಡುಗು ಗಾಡಿ ಕಟ್ಟಿಕೊಂಡು ಬಂದ ಹಾಗೆ.

“ಸ್ನೇಹಿತರೇ! ನನ್ನ ಮಗಳಿಗೆ ಪೂರ್ತಿ ಸ್ಕಾಲರ್‌ಶಿಪ್ ಅಂತ ಇದೇ ಕಟ್ಟೆ ಮೇಲೆ ನಿಂತು ಹೇಳಿದ್ದೆ. ಸುಳ್ಳು. ನೂರಕ್ಕೆ ನಲವತ್ತಿತ್ತು. ಈಗ ಅದೂ ಇಲ್ಲ. ತಲೆಗೆ ಪೆಟ್ಟು ಬಿತ್ತು, ಬಚ್ಚಿಟ್ಟಿದ್ಲು, ಆಮೇಲೆ ತಾನೇ ಹೋಗಿ ಹೇಳಿದ್ಲು. ಹುಡುಗಿ ಮನೆಗೆ ಬರ್ತಾಳೆ. ಯಾರಿಗಾದ್ರೂ ಏನಾದ್ರೂ ಅನ್ನೋದಿದ್ರೆ ನನಗೆ ಅನ್ನಿ. ಮುಂದಿನ ಕರು ಬಿಡ್ರೋ!”

ಯಾರೂ ನಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರ ಟೋಪಿ ಎಲ್ಲಿತ್ತೋ ಕಾಣೆ. ಒಂದು ಗೇಟು ಕಿರ್ ಎಂದಿತು, ಗೊರಸುಗಳ ಸದ್ದು ಬಂತು, ಅಪ್ಪ ಶುರು ಮಾಡಿದ. ನನಗಾಗಿ ನಿಧಾನ ಮಾಡಿದ್ದಲ್ಲ. ಇನ್ನೂರು ಜನರಿಗೆ, ಹೊಟ್ಟೆಪಾಡಿಗೆ, ಪೂರ್ತಿ ವೇಗದಲ್ಲಿ. ಆಲಿಕಲ್ಲಿನ ಮಳೆ! ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ, ಕಣ್ಣು ಮುಚ್ಚಿದೆ. ಮೂವತ್ತಕ್ಕೆ ಬಂತು ಮೂವತ್ತಕ್ಕೆ ಎರಡೂವರೆ ಯಾರು ಎರಡೂವರೆ ಕೊಟ್ರು ಐದು ಯಾರು ಐದು ಐದು ಬಂತು ಐದು ಏಳೂವರೆ ಯಾರು...

ತಟ್ಟನೆ ನಿಲ್ಲಿಸಿದ. ಇನ್ನೂರು ಜನರನ್ನು, ಕಟ್ಟೆಯ ನಡುವೆ ನಿಂತ ಕರುವನ್ನು, ಎಲ್ಲವನ್ನೂ ಕಾಯಿಸಿದ.

“ಎಲ್ಲಿ ನಿಂತಿದೆ ಮರಿ?”

“ಮೂವತ್ತೈದು!” ಎಂದು ಕೂಗಿದೆ. ಹುಲ್ಲಿನ ಮೇಲಿದ್ದ ಅಳಿಲು ಮರ ಹತ್ತಿತು. “ಮೂವತ್ತೈದಕ್ಕೆ ನಿಂತಿದೆ ಅಪ್ಪಾ!”